ಒಂದೇ ಸಲಕ್ಕ ಮೂರ್‌ನಾಕು ಮಕ್ಕಳ ಪುಸ್ತಕ ನಡಸೋದು ಹ್ಯಾಂಗ: ಸ್ವಂತ ಪುಸ್ತಕ ಮಾಡೋರಿಗೊಂದು ಸಮಗ್ರ ಮಾರ್ಗದರ್ಶಿ

ನಮ್ ಕಲಬುರಗಿ ಕಡಿ ಮಕ್ಕಳಿಗೆ ಬರಿಯೋರು ಯಾರ್ ಸಿಕ್ರೂ ಒಂದೇ ಮಾತು, "ಮೂರ್ ಪುಸ್ತಕ ಸುರು ಮಾಡೀನ್ರಿ, ಒಂದೂ ಮುಗಿವಲ್ದು" ಅಂತ. ಕೇಳಿದ್ರ ಟೈಮ್ ಸಿಗಲ್ರಿ ಅಂತಾರ. ಸಾಲಿ ನೌಕರಿ, ಮನಿ, ಮದಿವಿ-ಮುಂಜಿವಿ ಎಲ್ಲಾ ಖರೇನ, ಆದ್ರ ನನಗನ್ಸೋದು ತ್ರಾಸು ಟೈಮಿಂದಲ್ಲ, ಮೂರೂ ಪುಸ್ತಕ ಒಂದೇ ಹಂತದಾಗ ಕೂತಿರ್ತಾವ ನೋಡ್ರಿ, ಅದು. ಮೂರೂ ಅರ್ಧಮರ್ಧ ಬರ್ದಿದ್ದು, ಮೂರೂ ನಿಮ್ ತಲಿಯೊಳಗೇ. ಹಂಗಿದ್ರ ಯಾರಾದ್ರೂ ಹೈರಾಣ ಆಗ್ತಾರ. ಅದೇ ಒಂದು ನಿಮ್ ತಲ್ಯಾಗ, ಒಂದು ಚಿತ್ರ ತೆಗಿಯೋರ ಹತ್ರ, ಒಂದು ಡಿಟಿಪಿ (ಕಂಪ್ಯೂಟರ್‌ನಾಗ ಅಕ್ಷರ, ಪುಟ ಜೋಡಿಸೋ) ಅಂಗಡ್ಯಾಗ, ಒಂದು ಪ್ರೆಸ್‌ನಾಗ ಇದ್ರ ಒಬ್ಬರೇ ನಾಕ್ ಪುಸ್ತಕ ಆರಾಮ ನಡಸ್ಬಹುದು, ಯಾಕಂದ್ರ ನೀವು ಖರೇ ಅಂದ್ರ ಬರಿಯಾಕತ್ತಿದ್ದು ಒಂದೇ ಪುಸ್ತಕ, ಉಳಿದವು ಬ್ಯಾರೇದವ್ರ ಕೈಯಾಗ ನಡದಿರ್ತಾವ. ಕೆಳಗ ಹೇಳೋದೆಲ್ಲಾ ಇದೊಂದಕ್ಕಾಗೇ.

ಮೊದಲು ಕೈಯಾಗ ಏನೇನದ ಬರ್ಕೋರಿ

ಒಂದು ನೂರು ಪೇಜಿನ ನೋಟ್‌ಬುಕ್ ತಗೋರಿ, ಆ್ಯಪ್ ಗೀಪ್ ಏನೂ ಬ್ಯಾಡ. ಒಂದು ಪುಸ್ತಕಕ್ಕ ಒಂದು ಎಡಪುಟ, ಒಂದು ಬಲಪುಟ. ಮ್ಯಾಲ ಹೆಸರು, ಎಷ್ಟು ವಯಸ್ಸಿನ ಮಕ್ಕಳಿಗೆ, ಎಷ್ಟು ಪುಟ, ಯಾರು ರೊಕ್ಕ ಹಾಕ್ತಾರ, ಅದು ಬರೀರಿ. ಎಡಪುಟದಾಗ ಹಂತಗಳು ಒಂದರ ಕೆಳಗ ಒಂದು: ಕಥಿ, ಡಮ್ಮಿ (ಕೈಯಾಗೇ ಮಾಡಿದ ಮಾದರಿ ಪುಸ್ತಕ), ಪೆನ್ಸಿಲ್ ಸ್ಕೆಚ್, ಬಣ್ಣ, ಲೇಔಟ್ (ಪುಟ ಜೋಡಣಿ), ಪ್ರೂಫ್ (ತಪ್ಪು ತಿದ್ದಾಕ ತೆಗದ ಪ್ರತಿ), ಐಎಸ್‌ಬಿಎನ್ (ಪುಸ್ತಕಕ್ಕೊಂದು ಗುರ್ತಿನ ನಂಬರ್), ಪ್ರೆಸ್, ಮಾರಾಟ. ಬಲಪುಟದಾಗ ಒಂದೇ ಒಂದು ಪ್ರಶ್ನಿ, "ಈಗ ಚೆಂಡು ಯಾರ ಕೈಯಾಗದ?" ಅಂತ, ಅಂದ್ರ ಮುಂದಿನ ಕೆಲ್ಸ ಯಾರು ಮಾಡ್ಬೇಕು ಅಂತ, ಅದಕ್ಕ ಉತ್ತರ ತಾರೀಖು ಹಾಕಿ.

ಉದಾಹರಣೆಗೆ ಹಿಂಗ್ ಇರ್ತದ ಅನ್ಕೋರಿ. ಒಂದು, ಬೀದರ್‌ನ ಬಹಮನಿ ಕಾಲದ ಸುರಂಗ ಬಾವಿ (ನೆಲದೊಳಗ ನೀರು ಹರಿಸೋ ಸುರಂಗ) ಮ್ಯಾಲ 24 ಪುಟದ ಚಿತ್ರ ಪುಸ್ತಕ, ಕಥಿ ಮುಗದದ, ಚಿತ್ರ ತೆಗಿಯೋರ ಹತ್ರ ಅದ. ಎರಡು, ಶಿಶುಪ್ರಾಸಗಳ ಸಣ್ಣ ಪುಸ್ತಕ, ಡಿಟಿಪಿ ಆಗ್ಯದ, ಪ್ರೂಫ್ ನಿಮ್ ಹತ್ರಾನೇ ಬಿದ್ದದ. ಮೂರು, ಭೀಮಾ ನದಿ ದಂಡಿ ಊರಿನ ಹುಡುಗರ ಮ್ಯಾಲ ಹತ್ತ್-ಹನ್ನೆರಡು ವಯಸ್ಸಿನವ್ರಿಗೆ ಒಂದು ಕಾದಂಬರಿ, ಐದನೇ ಅಧ್ಯಾಯಕ್ಕ ನಿಂತದ. ನಾಕು, ಒಂದು ಸಂಸ್ಥೆಯವ್ರು ಕೈ ತೊಳಿಯೋದರ ಬಗ್ಗೆ ಬರಸಿದ ಪುಟ್ಟ ಪುಸ್ತಿಕೆ, ಅವ್ರ ಒಪ್ಪಿಗಿ ಬರ್ಬೇಕು. ಈಗ ನೋಡ್ರಿ, ನಾಕರೊಳಗ ನಿಮ್ ಕೈಯಾಗ ಇರೋದು ಎರಡೇ, ಪ್ರೂಫ್ ಮತ್ತ ಕಾದಂಬರಿ. ಮೊದಲು ಪ್ರೂಫ್ ಮುಗಿಸಿ ಕಳಸ್ರಿ. ನಿಮ್ಮಿಂದ ನಿಂತ ಕೆಲ್ಸ ಮೊದಲು, ನಿಮ್ ಮನಸ್ಸಿಗಿ ಖುಷಿ ಕೊಡೋದು ಆಮ್ಯಾಲ. ಕೇಳಾಕ ಕಹಿ ಅನಸ್ತದ, ಆದ್ರ ಒಂದು ಪ್ರೂಫ್ ಟೇಬಲ್ ಮ್ಯಾಲ ಒಂದು ವಾರ ಕೂತ್ರ ಡಿಟಿಪಿ ಅಣ್ಣ ಮದಿವಿ ಕಾರ್ಡ್ ಕೆಲ್ಸ ಹಿಡದು ಬಿಡ್ತಾನ, ಮತ್ತ ನಿಮ್ ಪಾಳಿ ಬರೋದು ಸೀಸನ್ ಮುಗದ ಮ್ಯಾಲೇ.

ಉದ್ದನ ಪುಸ್ತಕದ ನಡುವ ಗಿಡ್ಡ ಪುಸ್ತಕ

ಎಲ್ಲಾ ದೊಡ್ಡ ಪುಸ್ತಕ ಒಮ್ಮೆಲೇ ಹಿಡೀಬ್ಯಾಡ್ರಿ, ಎಲ್ಲಾ ಸಣ್ಣವೂ ಬ್ಯಾಡ. ನಮ್ ರೈತರು ತೊಗರಿ ಸಾಲಿನ ನಡುವ ಹೆಸರು ಇಲ್ಲಾ ಉದ್ದು ಹಾಕ್ತಾರಲ್ಲ, ಹೆಸರು ಎರಡು ಎರಡೂವರಿ ತಿಂಗಳಿಗೇ ರಾಶಿ ಆಗಿ ಕೈಗಿಷ್ಟು ರೊಕ್ಕ ಬರ್ತದ, ತೊಗರಿ ಡಿಸೆಂಬರ್ ಜನವರಿ ತನಾ ಹೊಲದಾಗೇ ನಿಂತಿರ್ತದ, ಪುಸ್ತಕಾನೂ ಹಂಗೇ ಹಾಕ್ರಿ. ಒಂದು ಕಾದಂಬರಿ ಇಲ್ಲಾ ಒಂದು ಇತಿಹಾಸದ ಪುಸ್ತಕ ವರ್ಷಪೂರ್ತಿದ್ದು ಇರ್ಲಿ, ಅದರ ಸಾಲಿನೊಳಗ ಎರಡು ಗಿಡ್ಡನವು. ಗಿಡ್ಡಂದು ಅಂದ್ರ ಹಗುರದ್ದು ಅಂತ ತಿಳ್ಕೋಬ್ಯಾಡ್ರಿ, 250 ಪದದ ಕಥಿ ಕಾದಂಬರಿಕಿಂತ ಹೆಚ್ಚು ಸಲ ತಿದ್ದಬೇಕಾಗ್ತದ, ಅದರಾಗ ತಪ್ಪು ಅಡಗಿ ಕೂಡಾಕ ಜಾಗಾನೇ ಇರಲ್ಲ.

ಪದಗಳ ಅಂದಾಜು ಸಿಗವಲ್ದು ಅಂದ್ರ ಸ್ಟೋರಿವೀವರ್‌ನವ್ರ ಲೆವೆಲ್ ನೋಡ್ರಿ. ಪ್ರಥಮ್ ಬುಕ್ಸ್‌ನವ್ರು 2015ರಾಗ ಸುರು ಮಾಡಿದ, ಮಕ್ಕಳ ಕಥಿ ಫುಕಟ್ ಓದಾಕ ಸಿಗೋ ಆನ್‌ಲೈನ್ ವೇದಿಕಿ ಅದು, ಅಲ್ಲಿ ಮೊದಲ್ನೇ ಲೆವೆಲ್‌ಗೆ 250 ಪದದೊಳಗ, ಎರಡನೇದಕ್ಕ 250ರಿಂದ 600, ಮೂರನೇದಕ್ಕ 600ರಿಂದ 1500, ನಾಕನೇದು ಅದರ ಮ್ಯಾಲ. ಕನ್ನಡದ ಪದ ಉದ್ದ ಇರ್ತಾವ, ಹಂಗಾಗಿ ಸ್ವಲ್ಪ ಕಮ್ಮೀನೇ ಇಟ್ಕೋರಿ.

ಡಮ್ಮಿ ಮಾಡದೆ ಚಿತ್ರಕ್ಕ ಕೊಡಬ್ಯಾಡ್ರಿ

ಹಲವು ಪುಸ್ತಕ ಒಮ್ಮೆಲೇ ನಡಸೋರಿಗೆ ಇದು ಎಲ್ಲಕಿಂತ ಮುಖ್ಯ ಹಂತ, ಮತ್ತ ಎಲ್ಲರೂ ಬಿಟ್ಟು ಬಿಡೋ ಹಂತಾನೂ ಇದೇ. ಆರು ಎ4 ಹಾಳಿ ತಗೋರಿ, ಒಂದರ ಮ್ಯಾಲೊಂದು ಇಟ್ಟು ನಡುವ ಮಡಚ್ರಿ, ನಡುವ ಸ್ಟೇಪಲ್ ಪಿನ್ ಹೊಡೀರಿ. 24 ಪುಟದ ಪುಸ್ತಕ ತಯಾರಾಯ್ತು. ಪುಟ ನಂಬರ್ ಹಾಕ್ರಿ. ಒಂದನೇ ಪುಟ ಶೀರ್ಷಿಕಿ, ಎರಡನೇದು ಪ್ರಕಾಶನದ ವಿವರ, ಮೂರನೇದ್ರಿಂದ ಕಥಿ ಸುರು. ನಾಕು-ಐದು, ಆರು-ಏಳು ಹಿಂಗ 22-23ರ ತನಾ ಎದುರಾಬದುರ ಪುಟ ಹತ್ತು ಜೋಡಿ ಸಿಗ್ತಾವ, ಕೊನಿಗಿ 24ನೇದು ಒಂಟಿ. ಅಂದ್ರ ನಿಮ್ ಕಥಿ ಹನ್ನೆರಡು ತುಂಡಾಗಬೇಕು. ಈಗ ಕಥಿ ಪ್ರಿಂಟ್ ತೆಗೆದು ಕತ್ತರಿ ಹಾಕಿ ಒಂದೊಂದು ತುಂಡು ಒಂದೊಂದು ಜಾಗಕ್ಕ ಅಂಟಸ್ರಿ.

ಅಂಟಸುವಾಗಲೇ ಗೊತ್ತಾಗ್ತದ. ಸುರಂಗ ಬಾವಿ ಕಥ್ಯಾಗ ಹುಡುಗಿ ಬಾವ್ಯಾಗ ಇಣುಕಿ "ಯಾರದಾರ ಒಳಗ?" ಅಂತ ಕೂಗ್ತಾಳ ಅನ್ಕೋರಿ. ಆ ಪ್ರಶ್ನಿ ಎಡಪುಟದಾಗ ಬಿದ್ದು ಉತ್ತರ ಬಲಪುಟದಾಗೇ ಬಿದ್ರ ಮಜಾನೇ ಹೋಯ್ತು, ಹುಡುಗ್ರು ಚಿತ್ರ ಮೊದಲೇ ನೋಡಿ ಬಿಡ್ತಾವ. ಪ್ರಶ್ನಿ ಬಲಪುಟದ ಕೊನಿಗಿ ಬರಬೇಕು, ಉತ್ತರಕ್ಕ ಹಾಳಿ ತಿರವಬೇಕು. ಇನ್ನ ಚಿತ್ರ ಹೇಳೋದನ್ನ ನೀವು ಬರೀಬ್ಯಾಡ್ರಿ, "ಕೆಂಪು ಲಂಗ ಹಾಕ್ಕೊಂಡ ಹುಡುಗಿ" ಅಂತ ಬರ್ದು ಅದನ್ನೇ ಚಿತ್ರದಾಗ ತೋರಸೋದು ಯಾತಕ್ಕ? ಆ ಸಾಲು ಕಿತ್ತಾಕ್ರಿ. ಡಮ್ಮಿ ಒಳಗ ಕಾಲುಭಾಗ ಮಾತು ಹಿಂಗೇ ಉದುರಿ ಹೋಗ್ತದ.

ಡಮ್ಮಿ ಆದ ಮ್ಯಾಲ ಒಂದು ಸಾಲಿಗಿ ಇಲ್ಲಾ ನಿಮ್ಮೂರ ಗ್ರಾಮ ಪಂಚಾಯ್ತಿ ಗ್ರಂಥಾಲಯಕ್ಕ ಹೋಗ್ರಿ, ಈಗ ಅರಿವು ಕೇಂದ್ರ ಅಂತಾರಲ್ಲ ಅದು. ಹೆಡ್‌ಮಾಸ್ತರ್‌ರಿಗೆ ಮೊದಲೇ ಹೇಳಿ ಹೋಗ್ಬೇಕು, ಸೀದಾ ಕ್ಲಾಸಿಗಿ ನುಗ್ಗಬ್ಯಾಡ್ರಿ. ಓದಿ ಹೇಳ್ರಿ, ಮಕ್ಕಳು ಎಲ್ಲಿ ಕಿಟಕಿ ಕಡಿ ನೋಡಿದ್ರು, ಎಲ್ಲಿ ಪಕ್ಕದವನ ಚಿವುಟಿದ್ರು ಅದನ್ನ ಡಮ್ಮಿ ಮ್ಯಾಲೇ ಪೆನ್ಸಿಲ್‌ಲಿಂದ ಗುರ್ತು ಹಾಕ್ರಿ. "ಕಥಿ ಛಂದ ಅದಾ?" ಅಂತ ಕೇಳಿದ್ರ ಎಲ್ಲಾವೂ ಹ್ಞೂಂ ಅಂತಾವ, ಅದರಿಂದ ಏನೂ ಉಪಯೋಗಿಲ್ಲ. ನಮ್ ಭಾಗದಾಗ ಒಂದೇ ಬೆಂಚಿನ ಮ್ಯಾಲ ಮನ್ಯಾಗ ಕನ್ನಡ, ಉರ್ದು, ಲಂಬಾಣಿ, ಮರಾಠಿ ಮಾತಾಡೋ ಹುಡುಗ್ರು ಕೂತಿರ್ತಾವ, ಯಾವ ಸಾಲಿಗಿ ಯಾರು ಮುಖ ಗಂಟ್ ಹಾಕಿದ್ರು ನೋಡ್ಕೋರಿ.

ಚಿತ್ರ ತೆಗಿಯೋರ ಜೋಡಿ

24 ಪುಟದ ಬಣ್ಣದ ಪುಸ್ತಕಕ್ಕ ಎರಡ್-ಮೂರು ತಿಂಗಳು ಬೇಕೇ ಬೇಕು, ಅವ್ರಿಗೂ ಬ್ಯಾರೆ ಕೆಲ್ಸ ಇರ್ತಾವ. ಹಂಗಾಗಿ ಒಬ್ಬರಿಗೇ ನಿಮ್ ಮೂರೂ ಪುಸ್ತಕ ಕೊಡಬ್ಯಾಡ್ರಿ, ಅವ್ರಿಗಿ ಜ್ವರ ಬಂತಂದ್ರ ನಿಮ್ ಮೂರೂ ಮಲಗ್ತಾವ. ದಿನಾ "ಏನಾಯ್ತ್ರಿ" ಅಂತ ಫೋನ್ ಹಚ್ಚೋದೂ ಬ್ಯಾಡ. ಮೊದಲ ದಿನಾನೇ ಒಂದು ಮೆಸೇಜ್ ಕಳಸ್ರಿ, ಇಂಥದ್ದು:

"ಅಣ್ಣಾರ, ಡಮ್ಮಿ ಫೋಟೋ ಕಳಸೀನಿ ನೋಡ್ರಿ. ಮೊದಲ್ ಎರಡು ಜೋಡಿ ಪುಟದ ಪೆನ್ಸಿಲ್ ಸ್ಕೆಚ್ ಅಷ್ಟೇ ಮಾಡಿ ಕಳಸ್ರಿ, ಅದು ಇಬ್ಬರಿಗೂ ಬರಾಬರ್ ಅನಿಸಿದ್ರ ಉಳಿದಿದ್ದು. ಬಣ್ಣ ಹಚ್ಚೂಕಿಂತ ಮೊದಲು ಎಲ್ಲಾ ಸ್ಕೆಚ್ ಒಮ್ಮೆ ನೋಡ್ಕೊಂಡು ಬಿಡೂಣು, ಆಮ್ಯಾಲ ನಾ ಬದಲಿ ಕೇಳಂಗಿಲ್ಲ. ಅಡ್ವಾನ್ಸ್ ಇವತ್ತು ಹಾಕ್ತೀನಿ, ಸ್ಕೆಚ್ ಮುಗದಾಗ ಒಂದು ಕಂತು, ಫೈಲ್ ಕೊಟ್ಟಾಗ ಉಳಿದಿದ್ದು."

ಈ ಮೆಸೇಜಿನಾಗ ಎಲ್ಲಾ ಅದ. ಪೆನ್ಸಿಲ್ ಹಂತದಾಗ ಹುಡುಗಿ ಮುಖ ಬದಲಿ ಮಾಡೋದು ಅರ್ಧ ತಾಸಿನ ಕೆಲ್ಸ, ಬಣ್ಣ ಆದ ಮ್ಯಾಲ ಮಾಡೋದು ಜಗಳದ ಕೆಲ್ಸ. ಫೈಲ್ 300 ಡಿಪಿಐ (ಚಿತ್ರ ಎಷ್ಟು ಸ್ಪಷ್ಟ ಅನ್ನೋ ಅಳತಿ) ಇರ್ಲಿ, ಸಿಎಂವೈಕೆ (ಪ್ರೆಸ್‌ನ ನಾಕು ಬಣ್ಣದ ಪದ್ಧತಿ) ಇರ್ಲಿ, ನಾಕೂ ಕಡಿ 3 ಮಿಲಿಮೀಟರ್ ಬ್ಲೀಡ್ (ಕತ್ತರಿಸಿ ಹೋಗೋ ಅಂಚು) ಬಿಟ್ಟಿರ್ಲಿ ಅಂತ ಮೊದಲೇ ಹೇಳ್ರಿ. ಮೊಬೈಲ್‌ನಾಗ ಝಗಮಗ ಅನ್ನೋ ಹಸಿರು ನೀಲಿ ಪೇಪರ್ ಮ್ಯಾಲ ಮಬ್ಬಾಗಿ ಬರ್ತಾವ, ಆಮ್ಯಾಲ ಪ್ರೆಸ್‌ನವ್ರಿಗಿ ಬೈಯೋದರಾಗ ಅರ್ಥಿಲ್ಲ.

ಹಕ್ಕಿನ ಮಾತು ಕಾಗದದ ಮ್ಯಾಲೇ ಆಗ್ಬೇಕು, ಎಷ್ಟೇ ಗೆಳೆತನ ಇದ್ರೂ. 1957ರ ಕಾಪಿರೈಟ್ ಕಾಯ್ದೆ ಸೆಕ್ಷನ್ 19ರ ಪ್ರಕಾರ ಹಕ್ಕು ಬರ್ದು ಕೊಟ್ರೇನೇ ವರ್ಗ ಆಗೋದು. ಬರ್ದ ಕಾಗದದಾಗ ಎಷ್ಟು ವರ್ಷ ಅಂತ ಹಾಕ್ಲಿಲ್ಲ ಅಂದ್ರ 5 ವರ್ಷ ಅಂತ ಹಿಡೀತಾರ, ಎಲ್ಲೆಲ್ಲಿಗೆ ಅಂತ ಹಾಕ್ಲಿಲ್ಲ ಅಂದ್ರ ಭಾರತಕ್ಕಷ್ಟೇ. ನಾಕು ಪುಸ್ತಕ ನಾಕು ಮಂದಿ ಜೋಡಿ ನಡಸೋರು ಯಾರಿಗಿ ಏನ್ ಮಾತು ಕೊಟ್ಟೀನಿ ಅಂತ ತಲ್ಯಾಗ ಇಟ್ಕೊಳ್ಳಾಕ ಆಗಂಗಿಲ್ಲ. ಎರಡನೇ ಮುದ್ರಣಕ್ಕ ಅವ್ರಿಗೆ ಏನು ಸಿಗ್ತದ, ಅದೇ ಚಿತ್ರ ಕ್ಯಾಲೆಂಡರ್‌ಗೆ ಬಳಸ್ಬಹುದೋ ಇಲ್ಲೋ, ಬ್ಯಾರೆ ಭಾಷಾಕ್ಕ ಏನು, ಎಲ್ಲಾ ಒಂದು ಪುಟದಾಗ ಬರ್ದು ಇಬ್ಬರೂ ಸಹಿ ಮಾಡಿ ಅದರ ಫೋಟೋ ನೋಟ್‌ಬುಕ್ಕಿಗಿ ಅಂಟಸ್ರಿ.

ಒಂದು ಪುಸ್ತಕದಿಂದ ಇನ್ನೊಂದಕ್ಕ ಹೋಗುವಾಗ

ಬೆಳಿಗ್ಗಿ ಕಾದಂಬರಿ ಬರ್ದು ಸಂಜಿಕ ಶಿಶುಪ್ರಾಸಕ್ಕ ಕೂತ್ರ ತಲಿ ಹೊಂದಲ್ಲ. ನನ್ನ ಕೇಳಿದ್ರ ಒಂದೇ ದಿನದಾಗ ಎರಡು ಪುಸ್ತಕ ಬರಿಯಬ್ಯಾಡ್ರಿ. ಒಂದು ಬರೀರಿ, ಇನ್ನೊಂದರದ್ದು ಮೇಲ್ ಕಳಸೋದು, ಪ್ರೂಫ್ ನೋಡೋದು, ರೊಕ್ಕದ ಲೆಕ್ಕ ಬರಿಯೋದು ಇಂಥ ಕೆಲ್ಸ ಮಾಡ್ರಿ. ಬಿಸಿಲುಗಾಲದಾಗಂತೂ, ಏಪ್ರಿಲ್ ಮೇ ಒಳಗ 40 ಡಿಗ್ರಿ ದಾಟಿದ ಮ್ಯಾಲ ಮಧ್ಯಾಹ್ನ ಏನ್ ಬರ್ದ್ರೂ ಮರುದಿನ ಹರಿಯೋದೇ, ಮುಂಜಾನಿ ಐದಕ್ಕ ಎದ್ದು ಎಂಟರ ತನಾ ಬರ್ಕೊಂಡು ಬಿಡ್ರಿ, ಉಳಿದಿದ್ದೆಲ್ಲಾ ಕೂಲರ್ ಮುಂದ ಕುಂತು ಮಾಡೋ ಕೆಲ್ಸ.

ಏಳೂಕಿಂತ ಮೊದಲು ಕೊನಿಗಿ ಒಂದು ಸಾಲು ಬರೀರಿ, ಮುಂದ ಏನಾಗ್ಬೇಕು ಅಂತ. "ಹುಡುಗ್ರು ತೆಪ್ಪ ಹುಡುಕಾಕ ಹೋಗ್ತಾರ, ಮಾವ ಬೈತಾನ" ಅಷ್ಟು ಸಾಕು. ಹದಿನೈದು ದಿನ ಬಿಟ್ಟು ಆ ಫೈಲ್ ತೆಗದ್ರೂ ಮೊದಲಿಂದ ಓದೋ ಗೊಡವಿ ಇರಲ್ಲ.

ಇನ್ನೊಂದು, ಪ್ರತಿ ಪುಸ್ತಕಕ್ಕೂ ಒಂದು ಭಾಷಾ ಚೀಟಿ ಮಾಡ್ರಿ. ಈ ಪುಸ್ತಕದಾಗ ಅವ್ವನೋ ಅಮ್ಮನೋ, ಸಾಲಿಯೋ ಶಾಲೆಯೋ, ಮಾತಿನೊಳಗಷ್ಟೇ ನಮ್ ಕಡಿ ಭಾಷಾನೋ ಇಲ್ಲಾ ಪೂರ್ತಿ ಕಥಿನೇ ಅದರಾಗೋ, ಪಾತ್ರಗಳ ಹೆಸರು, ಯಾರಿಗಿ ಎಷ್ಟು ವಯಸ್ಸು, ಯಾರು ಯಾರನ್ನ ಕಾಕಾ ಅಂತಾರ ಯಾರನ್ನ ಮಾಮಾ ಅಂತಾರ. ಇಲ್ಲಂದ್ರ ಭೀಮಾ ದಂಡಿ ಹುಡುಗ ನಾಕನೇ ಅಧ್ಯಾಯದಾಗ "ಹೋಗೂಣು ಬಾ" ಅಂತಾನ, ಆರನೇದರಾಗ ಮೈಸೂರು ಕಡಿಯವನಂಗ "ಹೋಗೋಣ ಕಣೋ" ಅಂದು ಬಿಡ್ತಾನ. ನಗಬ್ಯಾಡ್ರಿ, ಪ್ರಿಂಟಾದ ಪುಸ್ತಕದಾಗೇ ಹಿಂಗ ನೋಡೀನಿ.

ಡಿಟಿಪಿ, ಪ್ರೂಫು, ಒತ್ತಕ್ಷರದ ಕಾಟ

ನೀವು ಬರಿಯೋದು ಯುನಿಕೋಡ್‌ನಾಗೇ (ಎಲ್ಲಾ ಮೊಬೈಲ್, ಕಂಪ್ಯೂಟರ್‌ನಾಗ ನಡಿಯೋ ಅಕ್ಷರ ಪದ್ಧತಿ) ಇರ್ಲಿ. ಆದ್ರ ಡಿಟಿಪಿ ಅಂಗಡ್ಯಾಗ ಇನ್ನೂ ಭಾಳ ಕಡಿ ನುಡಿ ಸಾಫ್ಟ್‌ವೇರ್‌ನ ಹಳೇ ಫಾಂಟಿಗಿ ಬದಲಿ ಮಾಡ್ಕೊಂಡೇ ಲೇಔಟ್ ಮಾಡ್ತಾರ, ಆ ಬದಲಿಯೊಳಗ ಅರ್ಕಾವತ್ತು, ಒತ್ತಕ್ಷರ, ಉದ್ಧರಣ ಚಿಹ್ನಿ ಇವು ಹಾಳಾಗ್ತಾವ. ಇನ್‌ಡಿಸೈನ್ ಅನ್ನೋ ಪುಟ ಜೋಡಿಸೋ ಸಾಫ್ಟ್‌ವೇರ್‌ನಾಗ ಸೀದಾ ಯುನಿಕೋಡ್ ಹಾಕೋರಾದ್ರ ಅದರಾಗಿನ ವರ್ಲ್ಡ್ ರೆಡಿ ಕಂಪೋಸರ್ ಅನ್ನೋ ಸೆಟ್ಟಿಂಗ್ ಆನ್ ಮಾಡೀರೇನು ಅಂತ ಕೇಳ್ರಿ, ಅದಿಲ್ಲಂದ್ರ ಒತ್ತು ಬಿಡಿಬಿಡಿ ಆಗಿ ಕೂಡ್ತಾವ. ಮಕ್ಕಳ ಪುಸ್ತಕದಾಗ ಅಕ್ಷರ ದೊಡ್ಡದಿರ್ತದ, ತಪ್ಪೂ ದೊಡ್ಡದಾಗೇ ಕಾಣ್ತದ. ಸಾಲಿನ ಕೊನಿಗಿ ಪದ ತುಂಡು ಮಾಡಬ್ಯಾಡ್ರಿ ಅಂತಾನೂ ಹೇಳ್ರಿ, ಈಗೀಗ ಓದಾಕ ಕಲಿಯೋ ಕೂಸಿಗಿ ಅದು ಭಾಳ ತ್ರಾಸು.

ತಿದ್ದುಪಡಿ ಹತ್ತು ವಾಯ್ಸ್ ಮೆಸೇಜಿನಾಗ ಕಳಸೋರು ಅದಾರ. ಹಂಗ್ ಮಾಡಬ್ಯಾಡ್ರಿ. ಪುಟ, ಸಾಲು, ಇರೋದು, ಆಗಬೇಕಾಗಿದ್ದು ಅಂತ ಒಂದೇ ಪಟ್ಟಿ ಮಾಡಿ ಒಂದೇ ಸಲ ಕೊಡ್ರಿ. ಫೈಲ್ ಹೆಸರಿನಾಗ ಪುಸ್ತಕದ ಹೆಸರು, ತಾರೀಖು, ಎಷ್ಟನೇ ಪ್ರೂಫ್ ಅನ್ನೋದು ಇರ್ಲಿ, ನಾಕು ಪುಸ್ತಕ ನಡಿಯಾಕತ್ತಾಗ "ಫೈನಲ್ ಹೊಸಾದು" ಅಂತ ನಾಕು ಫೈಲ್ ಇದ್ರ ಪ್ರೆಸ್‌ಗೆ ಯಾವದು ಹೋಗ್ತದೋ ಅವ್ರಿಗೇ ಗೊತ್ತಿರಲ್ಲ.

ಇಲ್ಲೊಂದು ಉಳಿತಾಯದ ಮಾತು. ಅಕ್ಷರಗಳು ಬರೇ ಕಪ್ಪು ಬಣ್ಣದ ಪ್ಲೇಟಿನಾಗ ಬರಂಗ ಮಾಡಸ್ರಿ, ಅಕ್ಷರಕ್ಕ ಬಣ್ಣ ಗಿಣ್ಣ ಬ್ಯಾಡ. ಆಫ್‌ಸೆಟ್ ಪ್ರಿಂಟಿಗಿ ಒಂದೊಂದು ಬಣ್ಣಕ್ಕ ಒಂದರಂಗ ನಾಕು ಪ್ಲೇಟ್ (ಅಚ್ಚಿನ ತಗಡು) ಇರ್ತಾವ. ನಾಳಿ ಅದೇ ಪುಸ್ತಕ ಮರಾಠಿನಾಗ ಇಲ್ಲಾ ತೆಲುಗಿನಾಗ ತರ್ಬೇಕಂದ್ರ ಕಪ್ಪಿನ ಪ್ಲೇಟ್ ಒಂದೇ ಬದಲಿ ಮಾಡಿದ್ರ ಸಾಕು, ಒಂದು ಪುಸ್ತಕದ ಹೊಟ್ಯಾಗಿಂದ ಇನ್ನೊಂದು ಹುಟ್ತದ, ಹೊಸಾ ಚಿತ್ರದ ಖರ್ಚಿಲ್ಲ. ಉರ್ದುವಿಗಿ ಮಾತ್ರ ಇದು ನಡಿಯಲ್ಲ, ಅದು ಬಲದಿಂದ ಎಡಕ್ಕ ಓದೋದು, ಪುಟಗಳ ಕ್ರಮಾನೇ ತಿರುವು-ಮುರುವು ಆಗ್ತದ, ಚಿತ್ರದಾಗ ಎಡದಿಂದ ಬಲಕ್ಕ ಓಡೋ ಹುಡುಗಿನೂ ಉಲ್ಟಾ ಓಡಬೇಕಾಗ್ತದ. ಉರ್ದು ಮಾಡೋ ಇರಾದಾ ಇದ್ರ ಡಮ್ಮಿ ಹಂತದಾಗೇ ಚಿತ್ರಕಾರರಿಗಿ ಹೇಳಿಬಿಡ್ರಿ.

ಐಎಸ್‌ಬಿಎನ್ ಬಗ್ಗೆ ಹೆಚ್ಚೇನಿಲ್ಲ. ದಿಲ್ಲಿಯ ರಾಜಾ ರಾಮ್‌ಮೋಹನ್ ರಾಯ್ ಏಜೆನ್ಸಿಯವ್ರು ಆನ್‌ಲೈನ್‌ನಾಗೇ ಫುಕಟ್ ಕೊಡ್ತಾರ, ಲೇಖಕರೇ ಪ್ರಕಾಶಕರಾಗಿ ಅರ್ಜಿ ಹಾಕಬಹುದು. ಹೆಸರು ಪಕ್ಕಾ ಆದ ಮ್ಯಾಲ ಹಾಕ್ರಿ, ಕೊನಿ ವಾರಕ್ಕ ಇಟ್ಕೋಬ್ಯಾಡ್ರಿ, ಇ-ಬುಕ್ ಮಾಡೋದಿದ್ರ ಅದಕ್ಕ ಬ್ಯಾರೆ ನಂಬರ್.

ರೊಕ್ಕದ ಡಬ್ಬಿ ಬ್ಯಾರೆ ಬ್ಯಾರೆ

ಪುಸ್ತಕ ನಾಕಿದ್ರೂ ಜೇಬು ಒಂದೇ ಅಲ್ಲೇನ್ರಿ, ಅಲ್ಲೇ ಎಡವಟ್ಟಾಗೋದು. ಒಂದು ಪುಸ್ತಕದ ಅಡ್ವಾನ್ಸ್ ಬಂದಿದ್ದು ಇನ್ನೊಂದರ ಪೇಪರ್ ಬಿಲ್ಲಿಗಿ ಹೋಗ್ತದ, ಆಮ್ಯಾಲ ಯಾವದು ಲಾಭ ಯಾವದು ಲುಕ್ಸಾನ ತಿಳಿಯಲ್ಲ. ನೋಟ್‌ಬುಕ್ಕಿನಾಗ ಪುಸ್ತಕದ ಪುಟದ ಹಿಂದೇ ಅದರ ಜಮಾ-ಖರ್ಚು ಬರೀರಿ.

ಬೆಲಿ ಇಡೋ ಲೆಕ್ಕ ಒಮ್ಮೆ ಕೈಯಾಗ ಮಾಡಿ ನೋಡ್ರಿ. ಒಂದು ಸಾವಿರ ಪ್ರತಿ, ಪ್ರಿಂಟಿಗಿ ಒಂದಕ್ಕ 40 ರೂಪಾಯಿ ಬಿತ್ತು, ಚಿತ್ರಕ್ಕ 20,000 ಕೊಟ್ರಿ ಅನ್ಕೋರಿ, ಅಂದ್ರ ಪ್ರತಿಗಿ 20. ಬೆಲಿ 120 ಇಟ್ರಿ. ಅಂಗಡಿಯವ್ರು 40 ಪರ್ಸೆಂಟ್ ಹಿಡದ್ರ 48 ಹೋಯ್ತು, ಕೈಗಿ 72. ಅದರಾಗ 40 ಮತ್ತ 20 ಹೋದ್ರ ಉಳಿಯೋದು 12. ಇನ್ನ ಗೌರವ ಪ್ರತಿ, ಪೋಸ್ಟ್, ಬಸ್ ಪಾರ್ಸಲ್ ಎಲ್ಲಾ ಈ 12ರಾಗೇ ಬರ್ಬೇಕು. ಅಂಗಡಿಗಷ್ಟೇ ನೆಚ್ಚಿಕೊಂಡ್ರ ಆಗಲ್ಲ, ಒಂದಿಷ್ಟು ಸೀದಾ ಸಾಲಿಗಿ, ಒಂದಿಷ್ಟು ಸ್ಟಾಲ್ ಹಾಕಿ ನೀವೇ ಮಾರ್ಬೇಕು. ಪ್ರಿಂಟಾದ ಪುಸ್ತಕಕ್ಕ ಜಿಎಸ್‌ಟಿ ಇಲ್ಲ, ಅದೊಂದು ಪುಣ್ಯ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಗಿ ಅರ್ಜಿ ಹಾಕ್ರಿ, ಹಾಕಬೇಕು, ಆದ್ರ ಆಯ್ಕಿ ಆಗಿ ರೊಕ್ಕ ಕೈಗಿ ಬರೋ ತನಾ ಅದನ್ನ ಲೆಕ್ಕದಾಗ ಹಿಡೀಬ್ಯಾಡ್ರಿ. ಮೊದಲ್ನೇ ಪುಸ್ತಕ ಮಾಡೋ ಹುಡುಗ್ರು ಕನ್ನಡ ಪುಸ್ತಕ ಪ್ರಾಧಿಕಾರದ ಚೊಚ್ಚಲ ಕೃತಿ ಸಹಾಯಧನ ಯಾವಾಗ ಕರೀತಾರ ನೋಡ್ತಿರ್ರಿ.

ಮತ್ತ ಎರಡು ಪುಸ್ತಕ ಒಂದೇ ತಿಂಗಳಿಗಿ ಪ್ರೆಸ್‌ಗೆ ಹೋಗಬಾರ್ದು. ಹೈದರಾಬಾದ್‌ನಾಗ ಮಾಡಸ್ರಿ, ಸೊಲ್ಲಾಪುರದಾಗ ಮಾಡಸ್ರಿ, ಎಲ್ಲೇ ಮಾಡಸಿದ್ರೂ ಬಿಲ್ ಒಮ್ಮೆಲೇ ಬರ್ತದ, ಮಾರಾಟದ ರೊಕ್ಕ ಹನಿಹನಿ ಬರ್ತದ.

ಯಾವ ತಿಂಗಳಿಗಿ ಏನು

ಇದನ್ನ ಹಿಂದಲಿಂದ ಎಣಸ್ರಿ. ನವೆಂಬರ್ 1 ರಾಜ್ಯೋತ್ಸವ, 14 ಮಕ್ಕಳ ದಿನ, ಆಮ್ಯಾಲ ಡಿಸೆಂಬರ್ ಜನವರಿ ಸಾಲಿ ಗ್ಯಾದರಿಂಗ್‌ಗಳು, ಬಹುಮಾನಕ್ಕ ಪುಸ್ತಕ ಕೇಳೋದು ಆವಾಗಲೇ. ಹಂಗಾದ್ರ ಪುಸ್ತಕ ಅಕ್ಟೋಬರ್ ಕೊನಿಗಿ ಕೈಯಾಗಿರ್ಬೇಕು, ಪ್ರೆಸ್‌ಗೆ ಸೆಪ್ಟೆಂಬರ್, ಲೇಔಟ್ ಆಗಸ್ಟ್, ಚಿತ್ರ ಮೇದಿಂದ ಜುಲೈ, ಡಮ್ಮಿ ತಿದ್ದಿ ಪಕ್ಕಾ ಮಾಡೋದು ಏಪ್ರಿಲ್. ಸಾಲಿ ಏಪ್ರಿಲ್ ಎರಡನೇ ವಾರದಾಗೇ ಸೂಟಿ ಆಗ್ತದ, ಮಕ್ಕಳ ಮುಂದ ಓದಿ ನೋಡೋದು ಮಾರ್ಚ್ ಒಳಗ ಮುಗಸ್ಕೋರಿ. ಹೋಳಿ ಆದ ಮ್ಯಾಲ ಬರೋ ಶರಣಬಸವೇಶ್ವರ ಜಾತ್ರಿಯೊಳಗ ಸ್ಟಾಲ್ ಹಾಕೋರಿಗೆ ಬಣ್ಣ ಹಚ್ಚೋ ಪುಸ್ತಕ, ಸಣ್ಣ ಬೆಲಿದ್ದು ಓಡ್ತಾವ, 150ರ ಪುಸ್ತಕ ಅಲ್ಲಿ ಯಾರೂ ತಗೊಳ್ಳಲ್ಲ. ಹಿಂಗ ಒಂದು ಪುಸ್ತಕ ನವೆಂಬರ್‌ಗೆ, ಒಂದು ಮಾರ್ಚಿಗಿ ಕಟ್ಟಿದ್ರ ಎರಡೂ ಒಂದರ ಕಾಲಿಗೊಂದು ತೊಡಕಾಗಲ್ಲ.

ಇಲ್ಲ ಅನ್ನೋದು, ಬದಿಗಿಡೋದು

ನಿಮ್ ನಾಕು ಪುಸ್ತಕದ ಪಟ್ಟ್ಯಾಗ ಬರದೇ ನಿಮ್ ಟೈಮ್ ತಿನ್ನೋದು ಏನಂದ್ರ ಮುನ್ನುಡಿ, ಸ್ಮರಣ ಸಂಚಿಕಿ, ಅಭಿನಂದನ ಗ್ರಂಥಕ್ಕೊಂದು ಲೇಖನ, "ಒಂದೇ ಪುಟ ಸಾಕ್ರಿ ಸರ್, ನಾಳಿಗಿ ಬೇಕು". ನಮ್ ಊರಾಗ ಇಲ್ಲ ಅನ್ನೋದು ಭಾಳ ಕಠಿಣ, ಎಲ್ಲರೂ ಬೇಕಾದವ್ರೇ. ತಿಂಗಳಿಗಿ ಒಂದು ಅಂತ ಮಿತಿ ಇಟ್ಕೊಂಡು "ಈ ತಿಂಗಳದ್ದು ಆಗ್ಯದ್ರಿ, ಮುಂದಿನ ತಿಂಗಳಾದ್ರ ಬರ್ಕೊಡ್ತೀನಿ" ಅನ್ರಿ, ಅರ್ಧ ಮಂದಿ ಮುಂದಿನ ತಿಂಗಳು ಬರಂಗೇ ಇಲ್ಲ.

ಹೊಸಾ ಕಥಿ ತಲಿಗಿ ಬಂತಂದ್ರ ನೋಟ್‌ಬುಕ್ಕಿನ ಕೊನಿಪುಟದಾಗ ಮೂರು ಸಾಲು ಬರ್ದು ಮುಚ್ರಿ. ಐದನೇ ಪುಸ್ತಕಕ್ಕ ಪುಟ ತೆಗಿಯೋದು ನಾಕರಾಗ ಒಂದು ಪ್ರೆಸ್‌ಗೆ ಹೋದ ಮ್ಯಾಲೇ. ಒಂದು ಪುಸ್ತಕದ ಬಲಪುಟದಾಗ ಆರು ತಿಂಗಳಿಂದ ಚೆಂಡು ನಿಮ್ ಕೈಯಾಗೇ ಅದ, ತಾರೀಖು ಬದಲಿ ಆಗಿಲ್ಲ ಅಂದ್ರ ಅದಕ್ಕ ಅಡ್ಡಗೆರಿ ಎಳದು ಬದಿಗಿಡ್ರಿ. ಚಿತ್ರಕಾರರಿಗೋ ಸಂಸ್ಥೆಗೋ ಮಾತು ಕೊಟ್ಟಿದ್ರ ಅವ್ರಿಗಿ ಫೋನ್ ಮಾಡಿ ಹೇಳ್ರಿ, ಕಾಯಿಸಬ್ಯಾಡ್ರಿ.

ಪ್ರಿಂಟಾಗಿ ಬಂದ ಮ್ಯಾಲ

ಬಂಡಲ್ ಬಂದ ಕೂಡ್ಲೇ ಎರಡ್-ಮೂರು ಬಂಡಲ್ ಬಿಚ್ಚಿ ನಡುವಿನ ಪ್ರತಿ ತೆಗದು ಪುಟ ತಿರವಿ ನೋಡ್ರಿ, ಪುಟ ಹಿಂದಮುಂದ ಆಗಿರೋದು, ಪಿನ್ ಒಂದೇ ಕಡಿ ಬಿದ್ದಿರೋದು ಆವಾಗಲೇ ಸಿಗ್ತದ, ಹದಿನೈದು ದಿನ ಆದ ಮ್ಯಾಲ ಹೇಳಿದ್ರ ಪ್ರೆಸ್‌ನವ್ರು ಕೇಳಲ್ಲ. ಬಂಡಲ್ ನೆಲದ ಮ್ಯಾಲ ಇಲ್ಲಾ ಗ್ವಾಡಿಗಿ ಹಚ್ಚಿ ಇಡಬ್ಯಾಡ್ರಿ, ಕೆಳಗ ಹಲಗಿ ಹಾಕ್ರಿ, ಮಳಿಗಾಲದಾಗ ತಂಪು ಏರ್ತದ, ಗೆದ್ದಲು ಕಾಯ್ತಿರ್ತದ. 1954ರ ಪುಸ್ತಕ ಸಲ್ಲಿಕೆ ಕಾಯ್ದೆ ಪ್ರಕಾರ ಪ್ರಕಟ ಆಗಿ 30 ದಿನದೊಳಗ ಕೊಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯಕ್ಕ ಒಂದು, ದಿಲ್ಲಿ ಮುಂಬೈ ಚೆನ್ನೈ ಗ್ರಂಥಾಲಯಗಳಿಗಿ ಒಂದೊಂದು ಪ್ರತಿ ನಿಮ್ ಖರ್ಚಿನಾಗೇ ಕಳಸಬೇಕು, ಪ್ರಕಾಶಕರು ನೀವೇ ಆಗಿರೋದರಿಂದ ಆ ಕೆಲ್ಸಾನೂ ನಿಮ್ದೇ. ಪೋಸ್ಟಿನ ರಸೀದಿ ಆ ಪುಸ್ತಕದ ಪುಟಕ್ಕ ಪಿನ್ ಹೊಡದು ಇಡ್ರಿ.